ಪಲೆರ್ಮೋದಲ್ಲಿ ಗೆದ್ದವರ ಬಗ್ಗೆ

2022ರ ಮಾರ್ಚ್ 24. ಇಟಲಿ 0, ಉತ್ತರ ಮ್ಯಾಸಿಡೋನಿಯಾ 1. ಫುಟ್‌ಬಾಲ್ ವಿಶ್ವಕಪ್ಪಿಗೆ ನೇರ ಅರ್ಹತೆ ಸಿಗದ ತಂಡಗಳು ಉಳಿದ ಜಾಗಕ್ಕಾಗಿ ಆಡುವ ಪ್ಲೇಆಫ್‌ನ ಸೆಮಿಫೈನಲ್, ಇಟಲಿಯ ಪಲೆರ್ಮೋ ನಗರದ ರೆಂಜೊ ಬಾರ್ಬೆರಾ ಕ್ರೀಡಾಂಗಣ.

ಈ ಪಂದ್ಯದ ಬಗ್ಗೆ ಎಲ್ಲೇ ಮಾತು ಬಂದರೂ ಅದು ಇಟಲಿಯ ಸುತ್ತಲೇ ತಿರುಗುತ್ತದೆ. ಯುರೋಪಿನ ಚಾಂಪಿಯನ್ ಆಗಿ ಒಂದು ವರ್ಷವೂ ತುಂಬಿರಲಿಲ್ಲ, ಸತತ ಎರಡನೇ ವಿಶ್ವಕಪ್ ಕೈತಪ್ಪಿತು, ಕೋಚ್ ಏನು ಮಾಡಿದರು, ಪೆನಾಲ್ಟಿ ಯಾರು ಹಾಳು ಮಾಡಿದರು. ನಾನೂ ಇಟಲಿ ಅಭಿಮಾನಿಯೇ. 2006ರಲ್ಲಿ ಶಾಲೆಯಲ್ಲಿದ್ದಾಗ ಡಾರ್ಟ್‌ಮುಂಡ್‌ನ ಸೆಮಿಫೈನಲ್‌ನಲ್ಲಿ ಗ್ರೋಸೊ 119ನೇ ನಿಮಿಷಕ್ಕೆ ಜರ್ಮನಿ ವಿರುದ್ಧ ಗೋಲು ಹೊಡೆದು, ತಲೆ ಅಲ್ಲಾಡಿಸುತ್ತ ಓಡಿದ್ದನ್ನು ನೋಡಿ ಆ ತಂಡಕ್ಕೆ ಮನಸ್ಸು ಕೊಟ್ಟವಳು. ಆ ಪ್ರೀತಿ ಇವತ್ತಿಗೂ ಹಾಗೇ ಇದೆ. ಆದರೆ ಪಲೆರ್ಮೋ ಪಂದ್ಯದ ಬಗ್ಗೆ ಬರೆಯಬೇಕು ಅಂತ ಕೂತರೆ ನನಗೆ ಬರೆಯಬೇಕೆನಿಸುವುದು ಗೆದ್ದವರ ಬಗ್ಗೆ. ಅವರಿಗೆ ಸಿಗಬೇಕಾದಷ್ಟು ಮಾತು ಆ ರಾತ್ರಿಯೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ಪಂದ್ಯಕ್ಕೆ ನಾಲ್ಕು ತಿಂಗಳ ಮುಂಚೆಯೇ ಇದು ಶುರುವಾಗಿತ್ತು. 2021ರ ನವೆಂಬರ್ 26ರಂದು ಪ್ಲೇಆಫ್ ಡ್ರಾ ನಡೆಯಿತು. ಒಂದೇ ದಾರಿಯಲ್ಲಿ ನಾಲ್ಕು ತಂಡ: ಇಟಲಿ, ಉತ್ತರ ಮ್ಯಾಸಿಡೋನಿಯಾ, ಪೋರ್ಚುಗಲ್, ಟರ್ಕಿ. ವಿಶ್ವಕಪ್ ನಡೆಯಲಿದ್ದ ಕತಾರ್‌ಗೆ ಹೋಗುವುದು ಇವರಲ್ಲಿ ಒಬ್ಬರೇ. ಡ್ರಾ ಮುಗಿದ ಐದು ನಿಮಿಷಕ್ಕೆ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಜಗಳ ಹತ್ತಿಕೊಂಡಿತು. ಇಟಲಿ ಹೋಗಬೇಕಾ, ರೊನಾಲ್ಡೊ ಹೋಗಬೇಕಾ? ಯುರೋಪಿನ ಹಿಂದಿನ ಚಾಂಪಿಯನ್ ಮತ್ತು ಈಗಿನ ಚಾಂಪಿಯನ್ ಇಬ್ಬರಲ್ಲಿ ಒಬ್ಬರು ವಿಶ್ವಕಪ್‌ನಲ್ಲಿ ಇರುವುದಿಲ್ಲ, ಇದೆಂಥ ಅನ್ಯಾಯ? ಬರೀ ನಮ್ಮ ಗುಂಪಲ್ಲ, ಟಿವಿ ಚರ್ಚೆ, ಪತ್ರಿಕೆ, ಎಲ್ಲ ಕಡೆ ಇದೇ ಮಾತು. ಮಾರ್ಚ್ 29ರ ಫೈನಲ್ ಬಗ್ಗೆ ಲೋಕವೇ ಮಾತಾಡುತ್ತಿತ್ತು. 24ರಂದು ಎರಡು ಸೆಮಿಫೈನಲ್ ಇವೆ, ಅಲ್ಲಿ ಇನ್ನೆರಡು ದೇಶಗಳೂ ಆಡುತ್ತವೆ ಅನ್ನುವುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಅಕ್ಕನ ಮಗ ಆಗ ಎಂಟನೇ ಕ್ಲಾಸು. ಅವನೊಬ್ಬನೇ ಕೇಳಿದ್ದು, "ಚಿಕ್ಕಿ, ಮ್ಯಾಸಿಡೋನಿಯಾ ಜರ್ಮನಿಯನ್ನೇ ಸೋಲಿಸಿದೆ ಅಲ್ವಾ?"

ಹೌದು, ಸೋಲಿಸಿತ್ತು. ಅದೂ ಜರ್ಮನಿಯ ನೆಲದಲ್ಲೇ. 2021ರ ಮಾರ್ಚ್ 31, ಡ್ಯೂಸ್‌ಬರ್ಗ್, 2-1. ಮೊದಲ ಗೋಲು ಗೊರಾನ್ ಪಾಂಡೆವ್‌ದು. ಆಮೇಲೆ ಗುಂಡೊಗಾನ್ ಪೆನಾಲ್ಟಿಯಿಂದ ಸಮ ಮಾಡಿದ. 85ನೇ ನಿಮಿಷದಲ್ಲಿ ಎಲ್ಜಿಫ್ ಎಲ್ಮಾಸ್ ಗೆಲುವಿನ ಗೋಲು ಹೊಡೆದ. ವಿಶ್ವಕಪ್ ಅರ್ಹತಾ ಪಂದ್ಯಗಳ ಇಡೀ ಚರಿತ್ರೆಯಲ್ಲಿ ಜರ್ಮನಿ ಅದಕ್ಕೆ ಮುಂಚೆ ಸೋತಿದ್ದು ಎರಡೇ ಸಲ. 1985ರಲ್ಲಿ ಪೋರ್ಚುಗಲ್‌ಗೆ, 2001ರಲ್ಲಿ ಇಂಗ್ಲೆಂಡ್‌ಗೆ. ಮೂರನೆಯದು ಈ ಪುಟ್ಟ ದೇಶಕ್ಕೆ. ಆ ಪಂದ್ಯದ ಮರುದಿನವೂ ಇದೇ ಕತೆ. ಟಿಮೊ ವೆರ್ನರ್ ಖಾಲಿ ಗೋಲಿನ ಮುಂದೆ ಚೆಂಡು ಹೇಗೆ ತಪ್ಪಿಸಿದ, ಕೋಚ್ ಲೋವ್ ಯಾವಾಗ ಮನೆಗೆ ಹೋಗುತ್ತಾರೆ, ಇದೇ ಚರ್ಚೆ. ಎಲ್ಮಾಸ್ ಹೆಸರು ಎಲ್ಲೋ ಮೂರನೇ ಪ್ಯಾರಾದಲ್ಲಿ.

ಉತ್ತರ ಮ್ಯಾಸಿಡೋನಿಯಾದ ಜನಸಂಖ್ಯೆ ಇಪ್ಪತ್ತು ಲಕ್ಷವೂ ಇಲ್ಲ. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು. 1994ರಲ್ಲಿ ಫಿಫಾ ಸೇರಿತು. ಹೆಸರಿನ ವಿಚಾರಕ್ಕೆ ಗ್ರೀಸ್ ಜೊತೆ ವರ್ಷಗಟ್ಟಲೆ ತಕರಾರು ನಡೆದು, 2019ರಲ್ಲಿ ಈಗಿನ ಹೆಸರು ಬಂತು. ಮ್ಯಾಸಿಡೋನಿಯನ್ನರು, ಅಲ್ಬೇನಿಯನ್ನರು, ತುರ್ಕರು, ರೋಮಾ ಜನ ಎಲ್ಲ ಸೇರಿದ ದೇಶ. 2001ರಲ್ಲಿ ಅಲ್ಲಿ ಬಂದೂಕು ಹಿಡಿದು ಹೊಡೆದಾಡುವ ಮಟ್ಟಕ್ಕೆ ಜಗಳ ಹೋಗಿತ್ತು. ಆ ವರ್ಷಗಳ ತಂಡದ ಪಟ್ಟಿ ನೋಡಿ: ಪಾಂಡೆವ್, ಟ್ರಾಯ್ಕೋವ್ಸ್ಕಿ, ಅಲಿಯೋಸ್ಕಿ, ಬಾರ್ಡಿ, ಮುಸ್ಲಿಯು, ಎಲ್ಮಾಸ್. ಬೇರೆ ಬೇರೆ ಮನೆಮಾತಿನ ಹುಡುಗರು ಒಂದೇ ಕೆಂಪು ಅಂಗಿ ಹಾಕಿಕೊಂಡು ಆಡಿದರು. ಇದರಿಂದ ದೇಶದ ಎಲ್ಲ ಸಮಸ್ಯೆ ಬಗೆಹರಿಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಗೋಲಿಗೆ ಕುಣಿಯುವ ಜನರಿಗೆ ಅದು ಬರೀ ಆಟವಾಗಿ ಉಳಿದಿರಲಿಕ್ಕಿಲ್ಲ.

ಪಾಂಡೆವ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಇಟಲಿ ಲೀಗ್ ನೋಡುವವರಿಗೆ ಅವನು ಹೊಸಬನಲ್ಲ. ಲಾಜಿಯೊ, ಇಂಟರ್, ನಾಪೊಲಿ, ಜೆನೋವಾ, ಹೀಗೆ ಬದುಕಿನ ಬಹುಪಾಲು ಅಲ್ಲೇ ಆಡಿದವನು. 2010ರಲ್ಲಿ ಇಂಟರ್ ಮೂರು ಕಪ್ ಗೆದ್ದ ತಂಡದಲ್ಲಿದ್ದವನು. ದೇಶಕ್ಕಾಗಿ ಮಾತ್ರ ಒಂದೂ ದೊಡ್ಡ ಟೂರ್ನಿ ಆಡಿರಲಿಲ್ಲ. 2020ರ ನವೆಂಬರ್ 12ರಂದು ಟಿಬಿಲಿಸಿಯಲ್ಲಿ ಜಾರ್ಜಿಯಾ ವಿರುದ್ಧ ಯೂರೊ, ಅಂದರೆ ಯುರೋಪ್ ದೇಶಗಳ ಚಾಂಪಿಯನ್‌ಶಿಪ್, ಪ್ಲೇಆಫ್ ಫೈನಲ್ ನಡೆಯಿತು. 56ನೇ ನಿಮಿಷದಲ್ಲಿ ಗೋಲು ಹೊಡೆದು, ದೇಶವನ್ನು ಮೊದಲ ಸಲ ಯೂರೊಗೆ ಕರೆದುಕೊಂಡು ಹೋದ. ಆಗ ಅವನಿಗೆ 37 ವಯಸ್ಸು. ಯೂರೊದಲ್ಲಿ ಮೂರೂ ಪಂದ್ಯ ಸೋತರು, ನಿಜ. ಆದರೆ ಆಸ್ಟ್ರಿಯಾ ವಿರುದ್ಧ ದೇಶದ ಮೊದಲ ಗೋಲು ಹೊಡೆದವನೂ ಅವನೇ. ಕೊನೆಯ ಪಂದ್ಯ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅವನು ಮೈದಾನ ಬಿಡುವಾಗ ಜೊತೆಯ ಆಟಗಾರರೆಲ್ಲ ಎರಡು ಸಾಲಾಗಿ ನಿಂತು ಚಪ್ಪಾಳೆ ಹೊಡೆದು ಕಳಿಸಿದರು. ಪಂದ್ಯ ಇನ್ನೂ ನಡೆಯುತ್ತಿತ್ತು. ಪಲೆರ್ಮೋ ಪಂದ್ಯದ ಹೊತ್ತಿಗೆ ಅವನು ನಿವೃತ್ತನಾಗಿದ್ದ. ಎಲ್ಮಾಸ್‌ಗೆ ಆ ಪಂದ್ಯಕ್ಕೆ ನಿಷೇಧ ಬಿದ್ದಿತ್ತು. ಅಂದರೆ ಜರ್ಮನಿಗೆ ಗೋಲು ಹೊಡೆದ ಇಬ್ಬರೂ ಇಲ್ಲ. ಇದು ನೆನಪಿರಲಿ.

ಇನ್ನು ಇಟಲಿ. ಪ್ಲೇಆಫ್‌ಗೆ ಬಂದು ಬಿದ್ದದ್ದೇ ಒಂದು ದೊಡ್ಡ ಕತೆ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ಇಂಗ್ಲೆಂಡನ್ನು ಪೆನಾಲ್ಟಿಯಲ್ಲಿ ಸೋಲಿಸಿ ಯೂರೊ ಗೆದ್ದರು. ಸತತ 37 ಪಂದ್ಯ ಸೋಲದ ದಾಖಲೆ ಬರೆದರು. ವಿಶ್ವಕಪ್ ಅರ್ಹತಾ ಗುಂಪಿನಲ್ಲಿ ಮಾತ್ರ ಎಡವಿದರು. ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್‌ನಲ್ಲಿ ಬಲ್ಗೇರಿಯಾ ಜೊತೆ 1-1. ಮೂರು ದಿನಕ್ಕೆ ಬಾಸೆಲ್‌ನಲ್ಲಿ ಸ್ವಿಟ್ಜರ್ಲೆಂಡ್ ಜೊತೆ 0-0. ಅಲ್ಲಿ ಇಟಲಿಯ ಜೋರ್ಜಿನ್ಯೊ ಹೊಡೆದ ಪೆನಾಲ್ಟಿಯನ್ನು ಸ್ವಿಸ್ ಗೋಲ್‌ಕೀಪರ್ ಸೊಮ್ಮರ್ ಹಿಡಿದ. ನವೆಂಬರ್ 12ರಂದು ರೋಮ್‌ನಲ್ಲಿ ಮತ್ತೆ ಅದೇ ಸ್ವಿಟ್ಜರ್ಲೆಂಡ್, 1-1. ಪಂದ್ಯ ಮುಗಿಯುವ ಹೊತ್ತಿಗೆ ಇನ್ನೊಂದು ಪೆನಾಲ್ಟಿ. ಮತ್ತೆ ಜೋರ್ಜಿನ್ಯೊ. ಚೆಂಡು ಮೇಲಿನ ಕಂಬದ ಮೇಲೆ ಹಾರಿ ಹೋಯಿತು. ಕೊನೆಗೆ ಬೆಲ್‌ಫಾಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಜೊತೆ 0-0. ಅದೇ ರಾತ್ರಿ ಸ್ವಿಸ್ ತಂಡ ಬಲ್ಗೇರಿಯಾಗೆ ನಾಲ್ಕು ಗೋಲು ಹೊಡೆಯಿತು. ಸ್ವಿಟ್ಜರ್ಲೆಂಡ್ 18 ಅಂಕ, ಇಟಲಿ 16. ಎರಡನೇ ಸ್ಥಾನ, ಅಂದರೆ ಪ್ಲೇಆಫ್.

ಹಳೆಯ ಅಭಿಮಾನಿಗಳಿಗೆ ಬೆಲ್‌ಫಾಸ್ಟ್ ಅನ್ನುವ ಹೆಸರೇ ಆಗದು. 1958ರ ವಿಶ್ವಕಪ್ ಇಟಲಿಗೆ ತಪ್ಪಿದ್ದು ಅದೇ ಊರಲ್ಲಿ, ಅದೇ ಎದುರಾಳಿಗೆ ಸೋತು. ಆಮೇಲೆ ಅರವತ್ತು ವರ್ಷ ಒಂದೂ ವಿಶ್ವಕಪ್ ತಪ್ಪಿರಲಿಲ್ಲ. 2017ರ ನವೆಂಬರ್‌ನಲ್ಲಿ ಸ್ವೀಡನ್ ಬಂದು ಆ ಸರಣಿ ಮುರಿಯಿತು. ಆಗ ಪ್ಲೇಆಫ್ ಎರಡು ಪಂದ್ಯದ್ದು. ಒಂದು ಅವರ ನೆಲದಲ್ಲಿ, ಒಂದು ಇವರ ನೆಲದಲ್ಲಿ. ಈ ಸಲ ನಿಯಮ ಬದಲಾಗಿತ್ತು. ಗುಂಪುಗಳಲ್ಲಿ ಎರಡನೇ ಸ್ಥಾನ ಪಡೆದ ಹತ್ತು ತಂಡ, ನೇಷನ್ಸ್ ಲೀಗ್ ಅನ್ನುವ ಯುರೋಪಿನ ಇನ್ನೊಂದು ಟೂರ್ನಿಯಿಂದ ಇನ್ನೆರಡು, ಒಟ್ಟು ಹನ್ನೆರಡು. ಮೂರು ದಾರಿ. ಪ್ರತಿ ದಾರಿಯಲ್ಲೂ ಒಂದು ಪಂದ್ಯದ ಸೆಮಿಫೈನಲ್, ಒಂದು ಪಂದ್ಯದ ಫೈನಲ್. ಸೋತರೆ ಮುಗಿಯಿತು, ಎರಡನೇ ಅವಕಾಶ ಇಲ್ಲ.

ದೊಡ್ಡ ತಂಡಕ್ಕೆ ಈ ನಿಯಮ ಎಷ್ಟು ಅಪಾಯಕಾರಿ ಅನ್ನುವುದು ಪಂದ್ಯ ಅರ್ಧ ಮುಗಿಯುವವರೆಗೆ ಗೊತ್ತಾಗುವುದಿಲ್ಲ. ಸಣ್ಣ ತಂಡ ಗೆಲ್ಲಲೇಬೇಕು ಅಂತಿಲ್ಲ. 90 ನಿಮಿಷ ತಡೆದರೆ ಇನ್ನೂ 30 ನಿಮಿಷ ಇದೆ. ಅದನ್ನೂ ತಡೆದರೆ ಪೆನಾಲ್ಟಿ. ಒಂದೊಂದು ನಿಮಿಷ ಕಳೆದಂತೆ ತಡೆಯುವವರ ಭಯ ಕಡಿಮೆಯಾಗುತ್ತದೆ, ಹೊಡೆಯುವವರ ಭಯ ಜಾಸ್ತಿಯಾಗುತ್ತದೆ. ಫುಟ್‌ಬಾಲ್‌ನಲ್ಲಿ ಗೋಲು ಕಡಿಮೆ. ಒಂದೇ ಒಂದು ಗೋಲಿಗೆ ಇಡೀ ಆಟದ ಬೆಲೆ. ಬಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿಗಿಂತ ಎಂಟು ಪಟ್ಟು ಸಲ ಬುಟ್ಟಿಗೆ ಎಸೆದ ತಂಡ ಸೋಲುವುದು ನಡೆಯದ ಮಾತು. ಇಲ್ಲಿ ನಡೆಯುತ್ತದೆ.

ಪಲೆರ್ಮೋದಲ್ಲಿ ಇಟಲಿ ಗೋಲಿನ ಕಡೆ ಹೊಡೆದದ್ದು 32 ಸಲ. ಮ್ಯಾಸಿಡೋನಿಯಾ 4 ಸಲ.

ನಮಗೆ ಅದು ರಾತ್ರಿ ಒಂದೂಕಾಲಿನ ಪಂದ್ಯ. ಟಿವಿಯಲ್ಲಿ ಇಟಲಿ, ಫೋನಿನಲ್ಲಿ ಪೋರ್ಚುಗಲ್‌–ಟರ್ಕಿ. ಎರಡೂ ಒಂದೇ ಹೊತ್ತಿಗೆ. ಅಕ್ಕನ ಮಗ ಮಲಗಲ್ಲ ಅಂತ ಹಟ ಹಿಡಿದು ನನ್ನ ಪಕ್ಕ ಕೂತಿದ್ದ. ಗುಂಪಿನಲ್ಲಿ ಪೋರ್ಚುಗಲ್ ಪಕ್ಷದ ಗೆಳೆಯ ಇದ್ದಬದ್ದ ದೇವರನ್ನೆಲ್ಲ ಕರೆಯುತ್ತಿದ್ದ.

ಮೊದಲರ್ಧದಲ್ಲಿ ಸುಮಾರು ಅರ್ಧ ಗಂಟೆ ಆದಾಗ ಒಂದು ಕ್ಷಣ ಬಂತು. ಮ್ಯಾಸಿಡೋನಿಯಾದ ಗೋಲ್‌ಕೀಪರ್ ದಿಮಿತ್ರಿಯೆವ್ಸ್ಕಿ ಚೆಂಡನ್ನು ನೇರವಾಗಿ ಇಟಲಿಯ ಬೆರಾರ್ಡಿಯ ಕಾಲಿಗೆ ಕೊಟ್ಟ. ಗೋಲಿನಲ್ಲಿ ಯಾರೂ ಇಲ್ಲ. ನಾನು ಎದ್ದು ನಿಂತೆ. ಬೆರಾರ್ಡಿ ಹೊಡೆದ ಚೆಂಡಿಗೆ ಜೋರೇ ಇರಲಿಲ್ಲ. ನೆಲದ ಮೇಲೆ ಉರುಳುತ್ತ ಹೋಯಿತು. ದಿಮಿತ್ರಿಯೆವ್ಸ್ಕಿ ವಾಪಸ್ ಓಡಿ, ಬಿದ್ದು, ಹಿಡಿದ. ಎಲ್ಲರೂ ಬೆರಾರ್ಡಿ ತಪ್ಪಿಸಿದ್ದನ್ನೇ ನೆನಪಿಟ್ಟುಕೊಂಡಿದ್ದಾರೆ. ಆ ಗೋಲಿ ಓಡಿದ್ದನ್ನು ಇನ್ನೊಮ್ಮೆ ನೋಡಿ. ತಾನು ಮಾಡಿದ ಎಡವಟ್ಟಿಗೆ ತಲೆ ಮೇಲೆ ಕೈ ಹೊತ್ತು ನಿಲ್ಲಲಿಲ್ಲ ಅವನು. ಅರ್ಧ ಸೆಕೆಂಡ್ ನಿಂತಿದ್ದರೂ ಪಂದ್ಯ ಅಲ್ಲಿಗೇ ಮುಗಿಯುತ್ತಿತ್ತು.

ದ್ವಿತೀಯಾರ್ಧ ಪೂರ್ತಿ ಒಂದೇ ಕಡೆ ಆಟ. ಇಟಲಿ ಎಡದಿಂದ ಬರುತ್ತಾರೆ, ಬಲದಿಂದ ಬರುತ್ತಾರೆ, ಮಧ್ಯದಲ್ಲಿ ಗೋಡೆ. ವೆಲ್ಕೋವ್ಸ್ಕಿ, ಮುಸ್ಲಿಯು ಇಬ್ಬರೂ ಪೆನಾಲ್ಟಿ ಬಾಕ್ಸ್‌ನಲ್ಲಿ ಬಿದ್ದ ಚೆಂಡನ್ನೆಲ್ಲ ಹೊರಗೆ ಕಳಿಸುತ್ತಲೇ ಇದ್ದರು. 32 ಹೊಡೆತ ಅನ್ನುವುದು ಕೇಳೋಕೆ ಭಾರಿ ಅನ್ನಿಸುತ್ತದೆ. ಆದರೆ ಅದರಲ್ಲಿ ಎಷ್ಟೋ ಹೊಡೆತ ಯಾರದೋ ಕಾಲಿಗೆ, ಯಾರದೋ ಬೆನ್ನಿಗೆ ತಾಗಿ ಹೋದವು. ಎಷ್ಟೋ ದೂರದಿಂದ ಹೊಡೆದವು. ಹತ್ತಿರ ಬರೋಕೆ ಬಿಡಬಾರದು, ದೂರದಿಂದ ಎಷ್ಟು ಬೇಕಾದರೂ ಹೊಡೆಯಲಿ ಅನ್ನುವುದೇ ಅವರ ಲೆಕ್ಕ. ಇದನ್ನು ಅದೃಷ್ಟ ಅಂತ ಕರೆದವರ ಮೇಲೆ ನನಗೆ ಈಗಲೂ ಸಿಟ್ಟಿದೆ. 90 ನಿಮಿಷ ಜಾಗ ಬಿಡದೆ, ಸಾಲು ಮುರಿಯದೆ ನಿಲ್ಲುವುದಕ್ಕೆ ಎಷ್ಟು ಅಭ್ಯಾಸ ಬೇಕು, ಎಷ್ಟು ತಾಳ್ಮೆ ಬೇಕು. ಒಬ್ಬ ಒಂದು ಸಲ ಮೈಮರೆತರೆ ಸಾಕಿತ್ತು.

ಇಟಲಿಗೆ ಗಾಯದ ಪೆಟ್ಟೂ ಇತ್ತು. ಕಿಯೆಸಾ ಇಲ್ಲ, ಸ್ಪಿನಜೋಲಾ ಇಲ್ಲ. ಯೂರೊದಲ್ಲಿ ಎದುರಾಳಿಗಳ ಸಾಲು ಒಡೆದು ನುಗ್ಗಿದವರು ಇವರೇ. ಆ ರಾತ್ರಿ ಚೆಂಡು ಕಾಲಿಂದ ಕಾಲಿಗೆ ಚೆನ್ನಾಗಿಯೇ ಹೋಗುತ್ತಿತ್ತು, ಆದರೆ ಧೈರ್ಯ ಮಾಡಿ ಒಬ್ಬನನ್ನು ದಾಟಿ ಹೋಗುವವರು ಸಿಗಲಿಲ್ಲ. ಇನ್ನೇನು ಪಂದ್ಯ ಮುಗಿಯಬೇಕು ಅನ್ನುವಾಗ ಡಿಫೆಂಡರ್ ಕಿಯೆಲ್ಲಿನಿಯನ್ನು ಮೈದಾನಕ್ಕೆ ಇಳಿಸಿದರು. ಹೆಚ್ಚುವರಿ ಸಮಯಕ್ಕೆ ತಯಾರಿ ಅಂದುಕೊಂಡೆ.

ಅಷ್ಟರಲ್ಲಿ ಫೋನಿನಲ್ಲಿ ಗಲಾಟೆ. ಪೋರ್ಚುಗಲ್ 2-1 ಮುಂದಿದೆ, ಟರ್ಕಿಗೆ 85ನೇ ನಿಮಿಷದಲ್ಲಿ ಪೆನಾಲ್ಟಿ ಸಿಕ್ಕಿದೆ. ಬುರಾಕ್ ಯಿಲ್ಮಾಜ್ ಮೇಲಕ್ಕೆ ಹೊಡೆದ. ಗುಂಪಿನಲ್ಲಿ ಗೆಳೆಯನ ಅರ್ಥವಾಗದ ಅಕ್ಷರಗಳ ಸಂದೇಶ ಒಂದರ ಹಿಂದೆ ಒಂದು. ನಾನು ಅದನ್ನು ಓದಿ ಮತ್ತೆ ಟಿವಿ ಕಡೆ ತಲೆ ಎತ್ತಿದೆ.

92ನೇ ನಿಮಿಷ. ಮ್ಯಾಸಿಡೋನಿಯಾ ಕಡೆಯಿಂದ ಒಂದು ಉದ್ದನೆಯ ಚೆಂಡು. ಮಿಯೋವ್ಸ್ಕಿ ತಲೆಯಿಂದ ತಾಗಿಸಿದ. ಅಲೆಕ್ಸಾಂಡರ್ ಟ್ರಾಯ್ಕೋವ್ಸ್ಕಿ ಎದೆಯಲ್ಲಿ ಇಳಿಸಿಕೊಂಡು, ಬಾಕ್ಸ್‌ನ ಹೊರಗಿಂದಲೇ ಬಲಗಾಲಲ್ಲಿ ಹೊಡೆದ. ನೆಲಮಟ್ಟದಲ್ಲಿ ಹೋದ ಚೆಂಡು ಕೆಳಗಿನ ಮೂಲೆ ಸೇರಿತು. ಇಟಲಿಯ ಗೋಲ್‌ಕೀಪರ್ ದೊನ್ನಾರುಮ್ಮ ಹಾರಿದ, ಕೈಗೆ ಸಿಗಲಿಲ್ಲ.

ಅಕ್ಕನ ಮಗ "ಚಿಕ್ಕಿ..." ಅಂದವನು ಮುಂದೆ ಮಾತಾಡಲಿಲ್ಲ. ನನಗೆ ಮೊದಲು ಬಂದದ್ದು ಅಳುವಲ್ಲ. ಆ ಹೊಡೆತ ಅಷ್ಟು ಚೆನ್ನಾಗಿತ್ತು. ಮೊದಲು ಅದನ್ನು ನೋಡಿದೆ, ಆಮೇಲೆ ಅದು ಯಾರ ಗೋಲು ಅನ್ನುವುದು ತಲೆಗೆ ಹೋಯಿತು, ಆಮೇಲೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

ಟ್ರಾಯ್ಕೋವ್ಸ್ಕಿ ಯಾರು ಗೊತ್ತಾ? 2015ರಿಂದ 2019ರವರೆಗೆ ಪಲೆರ್ಮೋ ಕ್ಲಬ್ಬಿಗೆ ಆಡಿದವನು. ಅದೇ ಕ್ರೀಡಾಂಗಣ ಅವನ ಮನೆಯಂಗಳ ಆಗಿತ್ತು. ಅಲ್ಲಿನ ಹುಲ್ಲು, ಗೋಲು, ಗ್ಯಾಲರಿ ಎಲ್ಲ ಅವನಿಗೆ ಪರಿಚಯ. ಆಗ ಸೌದಿ ಅರೇಬಿಯಾದ ಅಲ್ ಫಯ್ಹಾ ಕ್ಲಬ್ಬಿನಲ್ಲಿದ್ದ. ಯುರೋಪಿನ ದೊಡ್ಡ ಲೀಗ್ ನೋಡುವ ಯಾರೂ ಅವನ ಸುದ್ದಿ ಇಟ್ಟುಕೊಂಡಿರಲಿಲ್ಲ. ಪಲೆರ್ಮೋದ ಜನ ಒಂದು ಕಾಲಕ್ಕೆ ಅವನ ಗೋಲಿಗೆ ಕುಣಿದವರು. ಅವತ್ತು ಅವನದೇ ಗೋಲು ಅವರ ಬಾಯಿ ಮುಚ್ಚಿಸಿತು. ಕೊನೆಯ ಸೀಟಿ ಊದಿದಾಗ ಇಟಲಿ ಆಟಗಾರರು ಇದ್ದಲ್ಲೇ ಕುಸಿದರು.

ಆಮೇಲಿನ ಗಂಟೆಗಳಲ್ಲಿ ಅಭಿಮಾನಿಗಳು ಏನೇನು ಮಾಡಿದರು ಅನ್ನುವುದೇ ಒಂದು ಅಧ್ಯಯನ. ನಮ್ಮ ಗುಂಪನ್ನೇ ತೆಗೆದುಕೊಳ್ಳಿ. ಮೊದಲು ಯಾರೂ ನಂಬಲಿಲ್ಲ. ಒಬ್ಬಳು "ಆಫ್‌ಸೈಡ್ ಇರಬೇಕು, ವಿಡಿಯೊ ರೆಫರಿ ನೋಡ್ತಾರೆ" ಅಂತ ಹಾಕಿದಳು. ಆಮೇಲೆ ಕಾರಣ ಹುಡುಕುವ ಹೊತ್ತು. ಬೆರಾರ್ಡಿ, ಇಮ್ಮೊಬಿಲೆ, ಕೋಚ್ ಮಾಂಚಿನಿ, ಒಬ್ಬೊಬ್ಬರ ಹೆಸರೂ ಬಂತು. ಬೆಳಗಾಗುವ ಹೊತ್ತಿಗೆ ಎಲ್ಲ ಸುತ್ತಿ ಸುತ್ತಿ ಜೋರ್ಜಿನ್ಯೊ ಹತ್ತಿರ ಬಂದು ನಿಂತಿತು. ಆ ಲೆಕ್ಕ ಸರಿಯಾಗಿಯೇ ಇದೆ. ಸ್ವಿಟ್ಜರ್ಲೆಂಡ್ ವಿರುದ್ಧದ ಎರಡು ಪೆನಾಲ್ಟಿಯಲ್ಲಿ ಒಂದು ಒಳಗೆ ಹೋಗಿದ್ದರೂ ಇಟಲಿಗೆ 18, ಸ್ವಿಸ್‌ಗೆ 17. ಪ್ಲೇಆಫ್ ಅನ್ನುವುದೇ ಬರುತ್ತಿರಲಿಲ್ಲ. ಪಂದ್ಯದ ನಂತರ ಜೋರ್ಜಿನ್ಯೊ ತಾನೇ ಹೇಳಿದ, ಆ ಎರಡು ಪೆನಾಲ್ಟಿ ಬದುಕಿಡೀ ತನ್ನನ್ನು ಕಾಡುತ್ತವೆ ಅಂತ. ಅದನ್ನು ಓದಿದ ಮೇಲೆ ಅವನನ್ನು ಬೈಯುವ ಮನಸ್ಸು ನನಗಂತೂ ಬರಲಿಲ್ಲ. ಬೈದ ಗೆಳೆಯರ ಜೊತೆ ಜಗಳವಾಡಿದೆ. ಯೂರೊ ಫೈನಲ್‌ಗೆ ತಲುಪಿಸಿದ್ದೂ ಅವನ ಪೆನಾಲ್ಟಿಯೇ ಅಲ್ವಾ, ಸ್ಪೇನ್ ವಿರುದ್ಧದ ಸೆಮಿಫೈನಲ್‌ನಲ್ಲಿ?

ವಯಸ್ಸಾದ ಇಟಲಿ ಅಭಿಮಾನಿಗಳು 1966ನ್ನು ನೆನೆದರು. ಆ ವರ್ಷ ವಿಶ್ವಕಪ್‌ನಲ್ಲಿ ಉತ್ತರ ಕೊರಿಯಾದ ಪಾಕ್ ದೂ-ಇಕ್ ಹೊಡೆದ ಒಂದೇ ಗೋಲಿಗೆ ಇಟಲಿ ಮನೆಗೆ ಹೋಗಿತ್ತು. ವಾಪಸ್ ಬಂದಿಳಿದ ಆಟಗಾರರಿಗೆ ಜೆನೋವಾ ವಿಮಾನ ನಿಲ್ದಾಣದಲ್ಲಿ ಜನ ಟೊಮೆಟೊ ಎಸೆದರು. ಇಟಲಿಯಲ್ಲಿ ಇವತ್ತಿಗೂ ಕೊರಿಯಾ ಅಂದರೆ ಫುಟ್‌ಬಾಲ್ ಅವಮಾನದ ಗುರುತು. ನನಗೆ ಈ ಮಾತು ಹಿಡಿಸುವುದಿಲ್ಲ. ಎದುರಾಳಿ ಚೆನ್ನಾಗಿ ಆಡಿ ಗೆದ್ದದ್ದು ನಮಗೆ ಅವಮಾನ ಯಾಕಾಗಬೇಕು? ಅವಮಾನ ಅನ್ನುವುದರೊಳಗೆ, ಇವರಿಗೆ ಗೆಲ್ಲುವ ಹಕ್ಕೇ ಇಲ್ಲ ಅನ್ನುವ ಅಹಂಕಾರ ಕೂತಿದೆ. ಬೇಜಾರು ಪಡೋಣ, ಅಳೋಣ, ಊಟ ಬಿಡೋಣ. ಅದೆಲ್ಲ ಅಭಿಮಾನಿಯ ಪಾಲಿಗೆ ಬಂದದ್ದೇ.

ಇನ್ನೊಂದು ಮಾತು ಆ ವಾರ ತುಂಬ ಓಡಾಡಿತು. ಇಟಲಿ ಇಲ್ಲದ ವಿಶ್ವಕಪ್ ವಿಶ್ವಕಪ್ಪೇ ಅಲ್ಲ, ದೊಡ್ಡ ತಂಡಗಳಿಗೆ ನೇರ ಪ್ರವೇಶ ಕೊಡಬೇಕು ಅಂತ. ಇಟಲಿ ಅಭಿಮಾನಿಯಾಗಿ ಇದನ್ನು ನಾನು ಒಪ್ಪುವುದೇ ಇಲ್ಲ. ನಾಲ್ಕು ಸಲ ಗೆದ್ದಿದ್ದೇವೆ, ಅದು ಚರಿತ್ರೆ. 2006ರ ಆಮೇಲೆ ಏನಾಯಿತು? 2010ರಲ್ಲಿ ಗುಂಪಿನಲ್ಲಿ ಕೊನೆ. 2014ರಲ್ಲಿ ಕೋಸ್ಟರಿಕಾಗೆ ಸೋತು, ಉರುಗ್ವೆಗೆ ಸೋತು ಗುಂಪಿನಿಂದಲೇ ಹೊರಗೆ. 2018 ಇಲ್ಲ, 2022 ಇಲ್ಲ. ಇದರಲ್ಲಿ ಯಾವುದನ್ನೂ ಉತ್ತರ ಮ್ಯಾಸಿಡೋನಿಯಾ ಮಾಡಿದ್ದಲ್ಲ. ಅರ್ಹತಾ ಸುತ್ತು ಇರುವುದೇ ಹೆಸರು ನೋಡದೆ ಆಟ ನೋಡೋದಕ್ಕೆ. ಗುಂಪಿನಲ್ಲಿ ಅವರು ಜರ್ಮನಿಯ ಹಿಂದೆ ಎರಡನೇ ಸ್ಥಾನಕ್ಕೆ ಬಂದು, ಕೊನೆಯ ಪಂದ್ಯದಲ್ಲಿ ಐಸ್‌ಲ್ಯಾಂಡನ್ನು 3-1 ಸೋಲಿಸಿ ಆ ಜಾಗ ಗಟ್ಟಿ ಮಾಡಿಕೊಂಡು ಪಲೆರ್ಮೋಗೆ ಬಂದವರು. ಯಾರೋ ಬಾಗಿಲು ತೆಗೆದು ಕರೆದಿದ್ದಲ್ಲ.

ಸೋತ ಮರುದಿನ ಅಕ್ಕನ ಮಗ ಉತ್ತರ ಮ್ಯಾಸಿಡೋನಿಯಾದ ರಾಜಧಾನಿ ಸ್ಕೋಪಿಯೆಯ ವಿಡಿಯೊ ತೋರಿಸಿದ. ಜನ ಬೀದಿಗಿಳಿದಿದ್ದರು. ಬಾವುಟ, ಹಾರ್ನ್, ಕೂಗು. ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಕಾರಿನ ಕಿಟಕಿಯಿಂದ ಅರ್ಧ ಹೊರಗೆ ಬಂದು ಕೆಂಪು ಹಳದಿ ಬಾವುಟ ಬೀಸುತ್ತಿದ್ದಳು. ಅವಳ ಮುಖ ನೋಡಿದ ತಕ್ಷಣ ನನಗೆ ವೆಂಬ್ಲಿ ಫೈನಲ್ ರಾತ್ರಿ ನೆನಪಾಯಿತು. ದೊನ್ನಾರುಮ್ಮ ಇಂಗ್ಲೆಂಡಿನ ಸಾಕಾನ ಪೆನಾಲ್ಟಿ ತಡೆದಾಗ ನಾನು ಕೂಗಿದ ಕೂಗಿಗೆ ಮನೆಯವರೆಲ್ಲ ಎದ್ದು ಬಂದಿದ್ದರು. ನಾವು ದೊಡ್ಡ ತಂಡದವರು, ಇಂಥ ರಾತ್ರಿ ನಮಗೆ ಆಗಾಗ ಬರುತ್ತದೆ. ಅವಳಿಗೆ ಎಷ್ಟು ವರ್ಷಕ್ಕೆ ಬಂತೋ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅದರ ಜೊತೆಗೇ ಒಂದು ಖುಷಿಯೂ ಇತ್ತು. ಎರಡೂ ಒಟ್ಟಿಗೇ ಇದ್ದವು.

ಪೋರ್ಚುಗಲ್ ಪಕ್ಷದ ಗೆಳೆಯನ ಖುಷಿ ಮಾತ್ರ ಬೇರೆ ತರಹದ್ದು. "ಇಟಲಿ ಇಲ್ಲ ಅಂದ್ರೆ ಫೈನಲ್ ಸುಲಭ ಬಿಡು" ಅಂದ. ನಾನು ಒಂದೇ ಸಾಲು ಬರೆದೆ: "ನಾವೂ ಹೀಗೇ ಹೇಳ್ತಿದ್ವಿ, ನೋಡ್ಕೊಂಡು ಆಡಿ." ಅವನು ಅದಕ್ಕೆ ಉತ್ತರ ಹಾಕಲಿಲ್ಲ.

ಮಾರ್ಚ್ 29ರ ರಾತ್ರಿ ನಾನು ಮತ್ತೆ ಟಿವಿ ಮುಂದೆ ಕೂತೆ. ಈ ಸಲ ಉತ್ತರ ಮ್ಯಾಸಿಡೋನಿಯಾ ಪರವಾಗಿ. ಅಕ್ಕನಿಗೆ ಆಶ್ಚರ್ಯ. "ನಿನ್ನ ತಂಡವನ್ನ ಮನೆಗೆ ಕಳಿಸಿದವರಿಗೆ ನೀನೇ ಚಪ್ಪಾಳೆ ಹೊಡೀತೀಯಲ್ಲೇ" ಅಂದಳು. ಅವರು ಗೆದ್ದು ಕತಾರ್‌ಗೆ ಹೋಗಲಿ ಅಂತ ನಿಜವಾಗಿಯೂ ಮನಸ್ಸು ಬಯಸುತ್ತಿತ್ತು. ಹೋಗಿದ್ದರೆ ಅದು ಅವರ ಮೊದಲ ವಿಶ್ವಕಪ್. ಪೋರ್ಟೊದಲ್ಲಿ ಅದು ಆಗಲಿಲ್ಲ. ಪೋರ್ಚುಗಲ್ 2-0. ಎರಡೂ ಗೋಲು ಬ್ರೂನೊ ಫರ್ನಾಂಡಿಸ್‌ದು. ಮೊದಲನೆಯದು ಬಂದದ್ದು ಮ್ಯಾಸಿಡೋನಿಯಾದ ಒಂದು ತಪ್ಪು ಪಾಸ್‌ನಿಂದ. ಪಲೆರ್ಮೋದಲ್ಲಿ ಅಂಥದೇ ತಪ್ಪು ಪಾಸ್ ಬೆರಾರ್ಡಿಗೆ ಸಿಕ್ಕಿತ್ತು. ಪೋರ್ಟೊದಲ್ಲಿ ಸಿಕ್ಕವರು ಬಿಡಲಿಲ್ಲ.

ಇಲ್ಲಿಗೆ ಈ ಎರಡು ತಂಡಗಳ ಲೆಕ್ಕ ಮುಗಿಯಿತು ಅಂದುಕೊಂಡರೆ, 2024ರ ಯೂರೊ ಅರ್ಹತಾ ಸುತ್ತಿನಲ್ಲಿ ಡ್ರಾ ಅವರನ್ನು ಮತ್ತೆ ಒಂದೇ ಗುಂಪಿಗೆ ಹಾಕಿತು. 2023ರ ಸೆಪ್ಟೆಂಬರ್‌ನಲ್ಲಿ ಸ್ಕೋಪಿಯೆಯಲ್ಲಿ 1-1. ಇಮ್ಮೊಬಿಲೆ ಹೊಡೆದ, ಕೊನೆಗೆ ಬಾರ್ಡಿ ಫ್ರೀಕಿಕ್‌ನಲ್ಲಿ ಸಮ ಮಾಡಿದ. ಸ್ಪಲೆಟ್ಟಿ ಕೋಚ್ ಆದ ಮೇಲೆ ಇಟಲಿಗೆ ಅದೇ ಮೊದಲ ಪಂದ್ಯ.

ನವೆಂಬರ್ 17ಕ್ಕೆ ರೋಮ್. ಅರ್ಹತೆ ಮತ್ತೆ ತೂಗಾಡುತ್ತಿತ್ತು. ಮಧ್ಯರಾತ್ರಿ ಮತ್ತೆ ಟಿವಿ, ಮತ್ತೆ ಅದೇ ಗುಂಪು, ಅಕ್ಕನ ಮಗ ಈಗ ನನಗಿಂತ ಎತ್ತರ. ಡಾರ್ಮಿಯನ್ ಮೊದಲ ಗೋಲು ಹೊಡೆದ. ಆಮೇಲೆ ಇಟಲಿಗೆ ಪೆನಾಲ್ಟಿ ಸಿಕ್ಕಿತು. ಚೆಂಡು ಕೈಯಲ್ಲಿ ಹಿಡಿದು ಬಂದವನು ಜೋರ್ಜಿನ್ಯೊ. ಗೋಲಿನಲ್ಲಿ ದಿಮಿತ್ರಿಯೆವ್ಸ್ಕಿ. ಅಕ್ಕನ ಮಗ ದಿಂಬಿನಲ್ಲಿ ಮುಖ ಮುಚ್ಚಿಕೊಂಡ. ನಾನು ನೋಡಿದೆ. ದಿಮಿತ್ರಿಯೆವ್ಸ್ಕಿ ತಡೆದ.

ವಿರಾಮಕ್ಕೆ ಮುಂಚೆ ಕಿಯೆಸಾ ಎರಡು ಗೋಲು ಹೊಡೆದು 3-0 ಮಾಡಿದಾಗ ಉಸಿರು ಬಂತು. ವಿರಾಮದ ನಂತರ ಅತನಾಸೊವ್ ಒಂದು ಹೊಡೆದ. ಇನ್ನೊಂದು ಹೊಡೆದ. 3-2. ರೋಮ್‌ನಲ್ಲಿ ಜನ ಸುಮ್ಮನಾದರು. ಆಗ ಫೋನ್ ಬೆಳಗಿತು. ಪೋರ್ಚುಗಲ್ ಗೆಳೆಯ. "ಟ್ರಾಯ್ಕೋವ್ಸ್ಕಿ ಬಂದ್ನಾ?" ಅಂತ ಕೇಳಿದ್ದ.

ರಾಸ್ಪದೋರಿ ನಾಲ್ಕನೆಯದು ಹೊಡೆದ. ಇಂಜುರಿ ಟೈಮ್‌ನಲ್ಲಿ ಎಲ್ ಶಾರಾವಿ ಐದನೆಯದು. ಅದಾದ ಮೇಲೇ ಅವನಿಗೆ ಉತ್ತರ ಬರೆದೆ.